ಲಂಡನ್ ಸುರಂಗದ ರೈಲು ದ್ವೀಪಕ್ಕೆ ಹೋದದ್ದು ಯಾಕೆ?

ಪ್ರಶ್ನೆ: ಮಗಳು ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಓದುತ್ತಿದ್ದಾಳೆ. ಎದುರಿಗಿರುವ ಐಲ್ ಆಫ್ ವೈಟ್ ದ್ವೀಪದ ಹಳೇ ಫೋಟೊ ಒಂದನ್ನು ಕಳಿಸಿದ್ದಳು. ಸಮುದ್ರದ ಮೇಲೆ ಚಾಚಿದ ಕಟ್ಟೆಯಲ್ಲಿ ಲಂಡನ್ ಮೆಟ್ರೊದಂಥ ಪುಟ್ಟ ಕೆಂಪು ರೈಲು ನಿಂತಿದೆ. ನೆಲದಡಿ ಓಡುವ ರೈಲಿಗೆ ಅಲ್ಲೇನು ಕೆಲಸ? ಈಗಲೂ ಓಡುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈಗ ಓಡುತ್ತಿಲ್ಲ. 2021ರ ಜನವರಿ 3ರಂದು ಅದಕ್ಕೆ ನಿವೃತ್ತಿಯಾಯಿತು. ನೀವು ಊಹಿಸಿದ್ದು ಸರಿ, ಅದು ಲಂಡನ್ ಅಂಡರ್‌ಗ್ರೌಂಡ್‌ನದ್ದೇ. ಅಲ್ಲಿ ಅದನ್ನು 1938 ಸ್ಟಾಕ್, ಅಂದರೆ 1938ರ ಮಾದರಿ, ಅನ್ನುತ್ತಿದ್ದರು. ದ್ವೀಪಕ್ಕೆ ಬಂದ ಮೇಲೆ ಕ್ಲಾಸ್ 483 ಆಯಿತು.

ಯಾಕೆ ಅಂದರೆ, ಎಲ್ಲಾ ದ್ವೀಪದ ರೈಡ್ ಎಂಬ ಊರಿನ ಸುರಂಗದ ಮಹಿಮೆ. ದೋಣಿ ಬಂದು ನಿಲ್ಲುವ ಕಟ್ಟೆಯ ತುದಿಯಿಂದ ಹೊರಟ ರೈಲು ಕಡಲ ದಡದ ಎಸ್ಪ್ಲನೇಡ್ ನಿಲ್ದಾಣ ದಾಟಿದ ಕೂಡಲೇ ಸುರಂಗದೊಳಗೆ ಇಳಿಯುತ್ತದೆ. ಸಮುದ್ರ ಅಷ್ಟು ಹತ್ತಿರ ಇರುವುದರಿಂದ ಒಳಗೆ ನೀರು ನುಗ್ಗುತ್ತಿತ್ತು. 1966ರ ಕೊನೆಗೆ ಉಗಿಬಂಡಿ ನಿಲ್ಲಿಸಿ ವಿದ್ಯುತ್ ರೈಲಿಗೆ ತಯಾರಿ ನಡೆಸಿದಾಗ, ನೀರಿನ ಕಾಟ ಕಡಿಮೆ ಮಾಡಲು ಅಲ್ಲಿ ಹಳಿಯನ್ನೇ ಎತ್ತರಿಸಿದರು. ಹಳಿ ಮೇಲೆ ಬಂತು, ಚಾವಣಿ ಇದ್ದಲ್ಲೇ ಉಳಿಯಿತು. ಬ್ರಿಟನ್ನಿನ ಮಾಮೂಲಿ ಬೋಗಿ ಮೂರೂವರೆ ಮೀಟರ್‌ಗಿಂತ ಎತ್ತರ. ಅದು ಇಲ್ಲಿ ಹಿಡಿಸುವುದಿಲ್ಲ. ಲಂಡನ್ನಿನ ಟ್ಯೂಬ್ ಬೋಗಿ, ಅಂದರೆ ಅಲ್ಲಿನ ಕಿರಿದಾದ ದುಂಡು ಸುರಂಗಕ್ಕೆಂದೇ ಮಾಡಿದ್ದು, ಮಾತ್ರ ಸುಮಾರು 2.9 ಮೀಟರ್. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು!

1967ರಲ್ಲಿ ಮೊದಲು ಬಂದದ್ದು 1920 ಮತ್ತು 30ರ ದಶಕದ, ಇನ್ನೂ ಹಳೆಯ ಟ್ಯೂಬ್ ಬೋಗಿಗಳು. ಅವು ಸವೆದು ಹೋದಾಗ, 1989ರಿಂದ ಈ ಕ್ಲಾಸ್ 483 ಬಂತು. ಲಂಡನ್ನಿನಲ್ಲಿ ಅವು ಕೆಲಸ ಮುಗಿಸಿ ಆಗಷ್ಟೇ ಒಂದು ವರ್ಷವಾಗಿತ್ತು. ಅಂದರೆ ಐವತ್ತು ವರ್ಷ ದುಡಿದು ಬಂದ ರೈಲಿಗೆ ಇಲ್ಲಿ ಹೊಸ ನೌಕರಿ.

ಇದರ ಕಟ್ಟೋಣದ ಬಗ್ಗೆ ಸ್ವಲ್ಪ ಹೇಳಲೇಬೇಕು, ನನಗೆ ಬಹಳ ಇಷ್ಟವಾದ ವಿಷಯ ಅದು. ಇದಕ್ಕೂ ಮುಂಚಿನ ಟ್ಯೂಬ್ ರೈಲಿನಲ್ಲಿ ಚಾಲಕನ ಕೋಣೆಯ ಹಿಂದೆ ಸ್ವಿಚ್ಚು, ಉಪಕರಣಗಳಿಗೇ ಒಂದು ಕೋಣೆ ಇರುತ್ತಿತ್ತು. ಮೋಟಾರು ಬೋಗಿಯ ಹೆಚ್ಚೂಕಡಿಮೆ ಮೂರನೇ ಒಂದು ಪಾಲು ಜಾಗ ಅದಕ್ಕೇ ಹೋಗುತ್ತಿತ್ತು. 1938ರ ರೈಲಿನಲ್ಲಿ ಅಷ್ಟನ್ನೂ ನೆಲಹಾಸಿನ ಕೆಳಗೆ ತುರುಕಿದರು. ಚಕ್ರಕ್ಕೂ ನೆಲಕ್ಕೂ ನಡುವೆ ಇರುವ ಇಷ್ಟೇ ಇಷ್ಟು ಜಾಗದಲ್ಲಿ! ಉಳಿದ ಜಾಗದಲ್ಲಿ ಜನ ಕೂತರು. ಇಂಥ ಸಾವಿರಕ್ಕೂ ಹೆಚ್ಚು ಬೋಗಿ ತಯಾರಾದವು. ಆಮೇಲಿನ ಟ್ಯೂಬ್ ರೈಲುಗಳೆಲ್ಲ ಇದೇ ದಾರಿ ಹಿಡಿದವು.

ದ್ವೀಪಕ್ಕೆ ಕಳಿಸುವ ಮೊದಲು ವೈರಿಂಗ್ ಬದಲಾಯಿಸಬೇಕಾಯಿತು. ಲಂಡನ್ನಿನಲ್ಲಿ ನಾಲ್ಕು ಹಳಿ: ಚಕ್ರ ಓಡಲು ಎರಡು, ಕರೆಂಟ್ ಬರಲು ಪಕ್ಕದಲ್ಲೊಂದು, ವಾಪಸು ಹೋಗಲು ನಡುವೆ ಇನ್ನೊಂದು. ದ್ವೀಪದಲ್ಲಿ ಮೂರೇ. ಕರೆಂಟ್ ಚಕ್ರದ ಮೂಲಕ ಓಡುವ ಹಳಿಗೇ ಇಳಿದು ವಾಪಸಾಗುತ್ತದೆ.

ಎರಡೆರಡು ಬೋಗಿಯ ಜೋಡಿಗಳು ರೈಡ್‌ನಿಂದ ಶಾಂಕ್ಲಿನ್‌ವರೆಗೆ, ಎಂಟೂವರೆ ಮೈಲಿ, ಅತ್ತಿಂದಿತ್ತ ಓಡಿಕೊಂಡಿದ್ದವು. ಒಂದಷ್ಟು ಕಾಲ ಮೈತುಂಬ ಡೈನೊಸಾರ್ ಚಿತ್ರ ಬಳಿದಿದ್ದರು. ಆ ದ್ವೀಪದಲ್ಲಿ ಡೈನೊಸಾರ್ ಪಳೆಯುಳಿಕೆ ಜಾಸ್ತಿ ಸಿಗುತ್ತವೆ. ಆಮೇಲೆ ಮತ್ತೆ ಲಂಡನ್ನಿನ ಕೆಂಪು ಬಣ್ಣವೇ ಬಂತು. ಫೋಟೊದಲ್ಲಿ ನೀವು ನೋಡಿದ್ದು ಅದನ್ನೇ.

ಕೊನೆಯ ವರ್ಷಗಳು ಮಾತ್ರ ಕಷ್ಟದವು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯಿತು. ಬಿಡಿಭಾಗ ಸಿಗಲಿಲ್ಲ. ಓಡುವ ಸ್ಥಿತಿಯಲ್ಲಿದ್ದವು ಬೆರಳೆಣಿಕೆಯಷ್ಟು. ವಯಸ್ಸು ಎಂಬತ್ತು ದಾಟಿತ್ತು, ಬ್ರಿಟನ್ನಿನಲ್ಲಿ ದಿನನಿತ್ಯದ ಸೇವೆಯಲ್ಲಿದ್ದ ರೈಲುಗಳಲ್ಲೆಲ್ಲ ಇವೇ ಹಿರಿಯವು. ನಿಲ್ಲಿಸಿದ್ದು ಸರಿಯೇ ಅನ್ನುತ್ತೇನೆ. ರೈಲು ಎಷ್ಟೇ ಚಂದ ಇರಲಿ, ಕೆಲಸಕ್ಕೆ ಹೋಗುವವರು ದಿನಾ ನಿಲ್ದಾಣದಲ್ಲಿ ಕಾಯುತ್ತಾ ಕೂರಲು ಆಗುತ್ತಾ?

ಮಾರ್ಗ ದುರಸ್ತಿಗೆ ತಿಂಗಳುಗಟ್ಟಲೆ ಮುಚ್ಚಿ, 2021ರ ನವೆಂಬರ್ 1ರಂದು ಮತ್ತೆ ತೆರೆದರು. ಈಗ ಓಡುವ ಕ್ಲಾಸ್ 484 ಕೂಡ ಲಂಡನ್ ಅಂಡರ್‌ಗ್ರೌಂಡ್‌ನ ಡಿಸ್ಟ್ರಿಕ್ಟ್ ಲೈನ್ ಎಂಬ ಮಾರ್ಗದ ಹಳೆಯ ಬೋಗಿಗಳಿಂದಲೇ ಮಾಡಿದ್ದು. ಅವುಗಳ ಮೈ ಅಲ್ಯೂಮಿನಿಯಂ, ಹಾಗಾಗಿ ತುಕ್ಕಿನ ಭಯ ಕಡಿಮೆ. ದಾರಿ ನಡುವಿನ ಬ್ರೇಡಿಂಗ್ ನಿಲ್ದಾಣದಲ್ಲಿ ಎರಡು ರೈಲು ದಾಟಿಕೊಳ್ಳಲು ಜಾಗ ಮಾಡಿದ್ದರಿಂದ ಅರ್ಧ ಗಂಟೆಗೊಂದು ರೈಲು ಬಿಡುವುದೂ ಸಾಧ್ಯವಾಯಿತು.

ಮಗಳಿಗೆ ಹಳೇ ರೈಲು ನೋಡುವ ಆಸೆ ಇದ್ದರೆ ದಾರಿ ಇದೆ. ಒಂದು ಜೋಡಿಯನ್ನು ಅದೇ ದ್ವೀಪದ ಐಲ್ ಆಫ್ ವೈಟ್ ಸ್ಟೀಮ್ ರೈಲ್ವೆಯವರಿಗೆ ಕೊಟ್ಟಿದ್ದಾರೆ. ಪೋರ್ಟ್ಸ್‌ಮತ್‌ನಿಂದ ದೋಣಿಯಲ್ಲಿ ರೈಡ್‌ಗೆ ಬಂದು, ರೈಲಿನಲ್ಲಿ ಸ್ಮಾಲ್‌ಬ್ರೂಕ್ ಜಂಕ್ಷನ್‌ನಲ್ಲಿ ಇಳಿಯಲಿ. ಆ ನಿಲ್ದಾಣಕ್ಕೆ ರಸ್ತೆಯೇ ಇಲ್ಲ. ಅಲ್ಲಿಂದ ಉಗಿಬಂಡಿ ಹತ್ತಿ ಸ್ಟೀಮ್ ರೈಲ್ವೆಯ ಮುಖ್ಯ ನಿಲ್ದಾಣ ಹೇವನ್‌ಸ್ಟ್ರೀಟ್‌ಗೆ ಹೋಗಬೇಕು. ಉಗಿಬಂಡಿ ಎಲ್ಲಾ ದಿನ ಓಡುವುದಿಲ್ಲ. ಅದು ಓಡುವ ದಿನ ಯಾವುದು, ಹಳೇ ಬೋಗಿಗಳನ್ನು ಜನರಿಗೆ ತೋರಿಸುತ್ತಾರಾ, ಎರಡನ್ನೂ ಮೊದಲೇ ಕೇಳಿಕೊಂಡು ಹೊರಡಲು ಹೇಳಿ.