ಬಸ್ಸು ಹತ್ತಿದ ಅಜ್ಜಿ ಮುಂದೆ ಹೋಗುತ್ತಿಲ್ಲ

ಪ್ರಶ್ನೆ: ಅಕ್ಕಾ, ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಎರಡು ವರ್ಷದ ಹಿಂದೆ ಒಂದು ದೀಪಾವಳಿ ವಿಶೇಷಾಂಕದ ಕಥಾಸ್ಪರ್ಧೆಯಲ್ಲಿ ಬಹುಮಾನ ಬಂತು. ಅಲ್ಲಿಂದ ಈಚೆಗೆ ಒಂದು ಕಥೆಯೂ ಮುಗಿದಿಲ್ಲ. ಈಗ ಮೀನು ಮಾರುವ ಅಜ್ಜಿಯೊಬ್ಬಳ ಕಥೆ ಹಿಡಿದಿದ್ದೇನೆ. ಅಜ್ಜಿ ಬುಟ್ಟಿ ಹೊತ್ತು ಬಸ್ಸು ಹತ್ತುವ ತನಕ ಚೆನ್ನಾಗಿ ಬರುತ್ತದೆ. ಅಲ್ಲಿಗೆ ನಿಂತಿತು. ಮೊದಲ ಪುಟವನ್ನೇ ಒಂಬತ್ತು ಸಲ ತಿದ್ದಿದ್ದೇನೆ. ರಾತ್ರಿ ಉತ್ತರಪತ್ರಿಕೆ ಎಲ್ಲ ಮುಗಿಸಿ ಹತ್ತೂವರೆಗೆ ಲ್ಯಾಪ್‌ಟಾಪ್ ತೆರೆಯುತ್ತೇನೆ, ಹನ್ನೊಂದೂವರೆಗೆ ಮುಚ್ಚುತ್ತೇನೆ. ರವೀಂದ್ರನಾಥ ಟಾಗೋರರಿಗೆ ನಮ್ಮ ಕಡಲೇ ನಾಟಕ ಬರೆಸಿತು ಅಂತ ಮಕ್ಕಳಿಗೆ ಹೇಳುವವಳು ನಾನು. ಒಂದು ಭಾನುವಾರ ಟಾಗೋರ್ ಬೀಚಿಗೆ ನೋಟ್‌ಬುಕ್ ಹಿಡಿದು ನಾನೂ ಹೋದೆ. ಶೇಂಗಾ ತಿಂದು ವಾಪಸ್ ಬಂದೆ. ಇದಕ್ಕೆ ಏನು ಮದ್ದು?
— ಹೆಸರು ಬೇಡ, ಕಾರವಾರ

ಉತ್ತರ: ಶೇಂಗಾ ಆದರೂ ತಿಂದಿರಲ್ಲ, ಅಷ್ಟು ಲಾಭ.

ಟಾಗೋರರ ವಿಷಯ ಮೊದಲು ಮುಗಿಸೋಣ. ಅವರು ಕಾರವಾರಕ್ಕೆ ಬಂದದ್ದು 1883ರಲ್ಲಿ. ವಯಸ್ಸು 22. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರು. ಜಡ್ಜ್ ಸಾಹೇಬರ ಮನೆಯ ತಮ್ಮನಿಗೆ ಉತ್ತರಪತ್ರಿಕೆ ತಿದ್ದುವುದಿರಲಿಲ್ಲ, ಬೆಳಿಗ್ಗೆ ಡಬ್ಬಿ ಕಟ್ಟುವುದಿರಲಿಲ್ಲ. ಅದು ಬಿಡಿ. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ಸುತ್ತಾಡಿ, ಮರಳಿನ ಮೇಲೆ ನಡೆದುಕೊಂಡು ಮನೆಗೆ ಬಂದು, ನಿದ್ದೆ ಬಾರದೆ ಅವರು ಒಂದು ಪದ್ಯ ಬರೆದರು. ಆದರೆ ಮುಂದೆ ತಮ್ಮ ನೆನಪುಗಳಲ್ಲಿ ಆ ಪದ್ಯದ ಮಾತು ಬಂದಾಗ ಅವರೇ ಹೇಳಿಕೊಂಡರು, ಭಾವನೆ ಉಕ್ಕುತ್ತಿರುವಾಗಲೇ ಬರೆದದ್ದು ಒಳ್ಳೆಯದಾಗಬೇಕು ಅಂತಿಲ್ಲ, ಸ್ವಲ್ಪ ದೂರ ಬೇಕು, ನೆನಪಿನ ಕುಂಚಕ್ಕೇ ಸರಿಯಾದ ಬಣ್ಣ ಬರುವುದು ಅಂತ. ಅಂದರೆ ಕಡಲ ಎದುರು ಕೂತದ್ದಕ್ಕೇ ಕಥೆ ಬರಲಿಲ್ಲ ಅಂತ ನೀವು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ.

ಬರವಣಿಗೆ ಹೀಗೆ ನಿಂತುಹೋಗುವುದಕ್ಕೆ ‘ರೈಟರ್ಸ್ ಬ್ಲಾಕ್’ ಅನ್ನುವ ಮಾತನ್ನು 1947ರ ಹೊತ್ತಿಗೆ ಚಲಾವಣೆಗೆ ತಂದವರು ಎಡ್ಮಂಡ್ ಬರ್ಗ್ಲರ್ ಎಂಬ ಮನೋವಿಶ್ಲೇಷಕರು. ಹೆಸರು ಬಂದದ್ದೇ ಬಂತು, ಜ್ವರದ ಹಾಗೆ ಎಲ್ಲರಿಗೂ ಅದೇ ಬರತೊಡಗಿತು! ನನಗೆ ಅಷ್ಟು ದೊಡ್ಡ ಹೆಸರಿನ ಮೇಲೆ ನಂಬಿಕೆ ಇಲ್ಲ. ಊಟ, ನಿದ್ದೆ, ಪಾಠ ಯಾವುದರಲ್ಲೂ ಮನಸ್ಸಿಲ್ಲ ಅಂತಾದರೆ ಡಾಕ್ಟರ ಹತ್ತಿರ ಹೋಗಿ, ಅದು ಬೇರೆ. ನಿಮ್ಮದು ಹಾಗಲ್ಲ. ನಿಮಗೆ ಬರೆಯಲು ಬರುತ್ತಿದೆ. ಬಸ್ಸಿನ ತನಕ ಬರುತ್ತಿದೆ, ಒಂಬತ್ತು ಸಲವೂ ಬಂದಿದೆ.

ನನ್ನ ಕಥೆ ಹೇಳುತ್ತೇನೆ. ಶಿರಸಿ ಹತ್ತಿರದ ಅಡಿಕೆ ತೋಟದ ಮನೆ ನಮ್ಮದು. ನಮ್ಮ ಚಿಕ್ಕಮ್ಮ ಒಂದು ಬೆಳಗಿನ ಜಾವ ಟ್ರಂಕ್ ಹಿಡಿದು ಮನೆ ಬಿಟ್ಟು ಹೊರಟಿದ್ದಳು. ಅದನ್ನು ಕಥೆ ಮಾಡಲು ಹೊರಟೆ. ಚಿಕ್ಕಮ್ಮ ಜಗಲಿ ದಾಟಿ ಅಂಗಳಕ್ಕೆ ಇಳಿಯುತ್ತಾಳೆ. ಅಷ್ಟೇ. ಹನ್ನೊಂದು ತಿಂಗಳು ಅವಳು ಅಂಗಳದಲ್ಲೇ ನಿಂತಿದ್ದಳು. ನಾನು ಜಗಲಿಯ ಕಂಬವನ್ನು ವರ್ಣಿಸಿದೆ, ಮಂಜನ್ನು ವರ್ಣಿಸಿದೆ, ಟ್ರಂಕಿನ ಚಿಲಕವನ್ನೂ ಬಿಡಲಿಲ್ಲ.

ಆ ವರ್ಷ ಡಿಸೆಂಬರಿನಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಮೆಷಿನ್ ಕೆಟ್ಟಿತ್ತು, ಹಾಗಾಗಿ ಮೆಟ್ಟುಗತ್ತಿಯೇ ಗತಿ. ರಾತ್ರಿ ಚಪ್ಪರದಡಿ ನಾಲ್ಕು ಹೆಂಗಸರು ಸುಲಿಯುತ್ತಿದ್ದರು. ಮೆಟ್ಟುಗತ್ತಿಯ ಮೇಲೆ ಕೂತವರು ತಲೆ ಎತ್ತುವ ಹಾಗಿಲ್ಲ, ಕಣ್ಣು ಅಲಗಿನ ಮೇಲೇ ಇರಬೇಕು. ಕಿವಿ ಮಾತ್ರ ಖಾಲಿ. ನಾನು ಚಾ ಕೊಟ್ಟು ಅಲ್ಲೇ ಕೂತೆ. ಒಬ್ಬಳು, “ಅಮ್ಮಾ, ಎಂತಾದ್ರೂ ಹೇಳಿ, ನಿದ್ದೆ ಬರ್ತದೆ” ಅಂದಳು. ಸುಮ್ನೆ ಚಿಕ್ಕಮ್ಮನ ಕಥೆ ಶುರು ಮಾಡಿದೆ. ಕಂಬ ಇಲ್ಲ, ಮಂಜು ಇಲ್ಲ. ಅಂಗಳಕ್ಕೆ ಬಂದು ನಿಲ್ಲಿಸಿದೆ. ಕಚಕ್ ಕಚಕ್ ಅಂತ ಸಿಪ್ಪೆ ಬೀಳುತ್ತಲೇ ಇತ್ತು. “ಮುಂದೆ ಎಂತ ಆಯ್ತು?” ಅಂದಳು. ಅಜ್ಜ ಬಂದು ತಡೆದರು ಅಂದೆ. “ಅಜ್ಜಂಗೆ ಹೇಳಿದ್ದು ಯಾರು?”

ಸ್ವಲ್ಪ ಹೊತ್ತು ಬೇಕಾಯಿತು. ನಾನೇ ಅಂದೆ. ಆಗ ನನಗೆ ಒಂಬತ್ತು ವರ್ಷ. ಚಿಕ್ಕಮ್ಮ ಟ್ರಂಕ್ ತುಂಬುವುದನ್ನು ನೋಡಿ ಓಡಿಹೋಗಿ ಅಜ್ಜನನ್ನು ಎಬ್ಬಿಸಿದವಳು ನಾನು. ಅವಳು ತಲೆ ಎತ್ತದೆ, “ಹ್ಞಂ, ಮಕ್ಕಳಿಗೆ ಎಂತ ಗೊತ್ತಾಗ್ತದೆ” ಅಂದು ಇನ್ನೊಂದು ಅಡಿಕೆ ತೆಗೆದುಕೊಂಡಳು. ಕಥೆ ನಾಲ್ಕು ದಿನದಲ್ಲಿ ಮುಗಿಯಿತು. ಅದಕ್ಕೆ ಬಹುಮಾನ ಬರಲಿಲ್ಲ, ಒಬ್ಬ ಮಾವ ಎರಡು ವರ್ಷ ಮಾತು ಬಿಟ್ಟರು.

ಈಗ ನಿಮ್ಮ ಬಸ್ಸಿಗೆ ಬರೋಣ. ನಾನು ಹೇಳುವುದು ತಪ್ಪಿರಬಹುದು, ತಪ್ಪಿದ್ದರೆ ಬೈಯಿರಿ. ನಿಮ್ಮ ಪತ್ರದಲ್ಲಿ “ಅಜ್ಜಿಯೊಬ್ಬಳು” ಅಂತ ಬರೆದು, ಕೆಳಗೆ ಒಂದು ಕಡೆ “ನಮ್ಮ ಅಜ್ಜಿ” ಅಂತ ಬರೆದು ಹೊಡೆದುಹಾಕಿದ್ದೀರಿ. ಶಾಯಿ ಹಿಂದಿನ ಪುಟಕ್ಕೂ ಇಳಿದಿದೆ. ಆ ಬಸ್ಸಿನಲ್ಲಿ ಮೊದಲೇ ಯಾರೋ ಕೂತಿದ್ದಾರೆ, ಅಲ್ವಾ? ಸ್ಕೂಲ್ ಯೂನಿಫಾರ್ಮಿನಲ್ಲಿ, ಗೆಳತಿಯರ ಜೊತೆ. ಮೀನಿನ ಬುಟ್ಟಿ ಒಳಗೆ ಬಂತು, ಕಂಡಕ್ಟರ್ ಏನೋ ಅಂದ. ಆ ಹುಡುಗಿ ಯಾವ ಕಡೆ ನೋಡಿದಳು?

ಅದನ್ನು ಬರೆಯಿರಿ. ಮೊದಲ ಪುಟವನ್ನು ಮುಟ್ಟಬೇಡಿ. ಬಸ್ಸಿನ ಒಳಗಿನಿಂದಲೇ ಶುರು ಮಾಡಿ. ಲ್ಯಾಪ್‌ಟಾಪ್ ಬೇಡ, ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಗೀಚಿ. ಅದರ ಮೇಲೆ ಬರೆದರೆ ಇದು ಬಹುಮಾನದ ಕಥೆಗಿಂತ ಮೇಲಿರಬೇಕು ಅಂತ ಅನಿಸುವುದಿಲ್ಲ. ಮೂವತ್ತು ಮಕ್ಕಳ ಅಕ್ಷರ ಓದಿದ ಮೇಲೆ ರಾತ್ರಿ ಹತ್ತೂವರೆಗೆ ನಿಮ್ಮ ಅಕ್ಷರ ನಿಮಗೇ ಬೇಡವಾಗಿರುತ್ತದೆ. ಬೆಳಿಗ್ಗೆ ಕುಕ್ಕರ್ ಕೂಗುವ ತನಕ ಸಿಗುವ ಹೊತ್ತು ಸಾಕು. ಕೂಗಿದ ಕೂಡಲೇ ವಾಕ್ಯ ಅರ್ಧ ಇದ್ದರೂ ಎದ್ದುಬಿಡಿ. ಮರುದಿನ ಆ ಅರ್ಧ ವಾಕ್ಯವೇ ಕರೆದು ಕೂರಿಸುತ್ತದೆ. ಕೈಯೇ ಓಡದಿದ್ದರೆ ಯಾರಿಗಾದರೂ ಬಾಯಲ್ಲಿ ಹೇಳಿ. ಮೀನು ಹೆಚ್ಚುತ್ತಿರುವವರೋ, ಹೂವು ಕಟ್ಟುತ್ತಿರುವವರೋ ಆದರೆ ಒಳ್ಳೆಯದು. ಮುಖ ನೋಡುತ್ತಾ ಕೂರುವವರಿಗೆ ಹೇಳಬೇಡಿ. ಗಂಡನಿಗೆ ಅಂತೂ ಬೇಡ, ಈಗಲೇ.

ಪ್ರಶ್ನೆ: ಕವಿತೆ ಬರೆಯುತ್ತಿದ್ದೆ. ಬ್ಯಾಂಕ್ ಕೆಲಸದಲ್ಲಿ ಸಮಯವೇ ಸಿಗುವುದಿಲ್ಲ, ಬರವಣಿಗೆ ನಿಂತೇ ಹೋಯಿತು.
— ಅಂಕೋಲಾ

ಉತ್ತರ: ಅಂಕೋಲೆಯಲ್ಲಿ ಕೂತು ಹೀಗೆ ಕೇಳುತ್ತೀರಲ್ಲ! ನಿಮ್ಮ ತಾಲೂಕಿನವರೇ ದಿನಕರ ದೇಸಾಯಿ. ಕಾರ್ಮಿಕರ ಸಂಘಟನೆ, ಜಿಲ್ಲೆ ತುಂಬಾ ಶಾಲೆ ಕಟ್ಟುವ ಕೆಲಸ, 1967ರಲ್ಲಿ ಗೆದ್ದು ಲೋಕಸಭೆ ಬೇರೆ. ನಡುವೆ ನಾಲ್ಕೇ ಸಾಲಿನ ಚುಟುಕ ಬರೆದರು, ಬರೆಯುತ್ತಲೇ ಹೋದರು. ನಾಲ್ಕು ಸಾಲಿಗೆ ನಿಮ್ಮ ಬ್ಯಾಂಕಿನಲ್ಲಿ ‘ಸರ್ವರ್ ಡೌನ್’ ಆದ ಹೊತ್ತು ಸಾಕಾಗುವುದಿಲ್ಲವೇ?

ಪ್ರಶ್ನೆ: ಮಳೆಗಾಲದಲ್ಲಿ ಮೂರು ದಿನಕ್ಕೊಮ್ಮೆ ಕರೆಂಟ್. ಲ್ಯಾಪ್‌ಟಾಪ್ ಸತ್ತಿರುತ್ತದೆ, ಮೂಡೂ ಸತ್ತಿರುತ್ತದೆ. ಏನು ಮಾಡಲಿ?
— ಯಲ್ಲಾಪುರ

ಉತ್ತರ: ಪೆನ್ಸಿಲ್. ಜುಲೈ ತಿಂಗಳ ತಂಡಿ ಕಾಗದದ ಮೇಲೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ನೋಟ್‌ಬುಕ್ಕನ್ನು ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿ ಇಡಿ, ಹಪ್ಪಳದ ಡಬ್ಬಿಯ ಪಕ್ಕ. ಸ್ವಲ್ಪ ಹೊಗೆ ವಾಸನೆ ಬರುತ್ತದೆ. ಈ ಪತ್ರಿಕೆಯ ಸಂಪಾದಕರು ಇದುವರೆಗೆ ತಕರಾರು ಮಾಡಿಲ್ಲ.