ಬಿಪಿಎಲ್ ಕಾರ್ಡ್ ಎಪಿಎಲ್ ಆಯ್ತು, ಅಮ್ಮನ ಆಪರೇಷನ್‌ಗೆ ಏನು ಮಾಡೋದು?

ಪ್ರಶ್ನೆ: ನನ್ನ ತಮ್ಮ ಲಗೇಜ್ ಆಟೊ ಸಾಲಕ್ಕೆಂದು ಐಟಿ ರಿಟರ್ನ್ಸ್ ಹಾಕಿಸಿದ್ದ. ಈಗ ನಮ್ಮ ಬಿಪಿಎಲ್ ಕಾರ್ಡ್ ಎಪಿಎಲ್ ಆಗಿದೆ. ಅಮ್ಮನಿಗೆ 66 ವರ್ಷ, ಬೈಪಾಸ್ ಆಗಬೇಕು ಅಂದಿದ್ದಾರೆ. ಆಯುಷ್ಮಾನ್ ಕಾರ್ಡ್ ನಡೆಯುತ್ತಾ? ಪರಿಚಯದ ಏಜೆಂಟರು ಹೊಸ ಪಾಲಿಸಿ ಮಾಡಿಸಿ ಅಂತಾರೆ.
– ಓದುಗರು, ಜಗಳೂರು ತಾಲ್ಲೂಕು

ಉತ್ತರ: ಕಾರ್ಡ್ ನಡೆಯುತ್ತದೆ, ಆದರೆ ಸಿಗುವ ನೆರವು ಬಹಳ ಇಳಿಯುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷದೊಳಗೆ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ: ಶೇ 30 ಅಂದರೆ ಆಸ್ಪತ್ರೆ ಬಿಲ್ಲಿನದ್ದಲ್ಲ, ಸರ್ಕಾರ ಗೊತ್ತುಮಾಡಿದ ದರದ್ದು. ಪ್ಯಾಕೇಜ್ ದರ 1 ಲಕ್ಷ ಇದ್ದು ಬಿಲ್ಲು 2 ಲಕ್ಷ ಆದರೂ ಸರ್ಕಾರದಿಂದ ಬರುವುದು 30 ಸಾವಿರವೇ. ಹಾಗಾಗಿ ಅಡ್ಮಿಟ್ ಮಾಡುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಂಡು, ನಿಮ್ಮ ಕೈಯಿಂದ ಎಷ್ಟು ಬೀಳುತ್ತದೆ ಅಂತ ಬರೆಸಿಕೊಳ್ಳಿ.

ನನ್ನ ಪ್ರಕಾರ ನೀವು ಮೊದಲು ಹಿಡಿಯಬೇಕಾದ್ದು ರೇಷನ್ ಕಾರ್ಡಿನ ದಾರಿ. ರಿಟರ್ನ್ಸ್ ಹಾಕುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ. ಬ್ಯಾಂಕ್ ಕೇಳಿತೆಂದು ರಿಟರ್ನ್ಸ್ ಹಾಕಿ, ಒಂದು ರೂಪಾಯಿಯೂ ತೆರಿಗೆ ಕಟ್ಟದವರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ ಇದ್ದಾರೆ. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದತಿ ಗಲಾಟೆಯಾದಾಗ, ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದ ಅರ್ಹರ ಕಾರ್ಡ್ ತೆಗೆಯಬಾರದು ಅಂತ ರಾಜ್ಯ ಸರ್ಕಾರವೇ ಹೇಳಿತ್ತು. ತಮ್ಮನ ರಿಟರ್ನ್ಸ್ ರಸೀದಿ, ತೆರಿಗೆ ಸೊನ್ನೆ ಅಂತ ತೋರಿಸುವ ಪುಟ, ಆದಾಯ ಪ್ರಮಾಣಪತ್ರ, ಅಮ್ಮನ ಆಸ್ಪತ್ರೆ ಚೀಟಿ ಇಷ್ಟನ್ನೂ ಲಗತ್ತಿಸಿ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಅಷ್ಟರಲ್ಲಿ ಅಮ್ಮನನ್ನು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಬೇಕಾದ ಚಿಕಿತ್ಸೆ ಅಲ್ಲಿ ಇಲ್ಲವಾದರೆ, ಯೋಜನೆಯಲ್ಲಿ ನೋಂದಾಯಿಸಿದ ಬೇರೆ ಆಸ್ಪತ್ರೆಗೆ ರೆಫರಲ್ ಪತ್ರ ಕೊಡುತ್ತಾರೆ. ಆ ಪತ್ರವಿಲ್ಲದೆ ನೇರ ಖಾಸಗಿಗೆ ಹೋದರೆ ಯೋಜನೆಯ ಹಣ ಸಿಗುವುದು ಕಷ್ಟ.

ಏಜೆಂಟರ ಮಾತಿಗೆ ಬರುತ್ತೇನೆ. 65 ದಾಟಿದವರಿಗೂ ಈಗ ಪಾಲಿಸಿ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಕಂತಿನ ಮೇಲೆ ಜಿಎಸ್‌ಟಿಯೂ ಇಲ್ಲ. ಆದರೆ ಮೊದಲೇ ಇರುವ ಕಾಯಿಲೆಗೆ ಕಂಪನಿ 3 ವರ್ಷದವರೆಗೆ ಕಾಯಿಸಬಹುದು. ಈ ಬೈಪಾಸ್‌ಗೆ ಆ ಪಾಲಿಸಿ ಒದಗುವುದಿಲ್ಲ. ಕಾಯಿಲೆ ಮುಚ್ಚಿಟ್ಟು ಮಾಡಿಸೋಣ ಅಂದರೆ ದಯವಿಟ್ಟು ಒಪ್ಪಬೇಡಿ, ಕ್ಲೇಮ್ ತಿರಸ್ಕಾರವಾಗುತ್ತದೆ, ಕಟ್ಟಿದ ಕಂತೂ ಹೋಗುತ್ತದೆ.

ಊರಿನ ಹಾಲಿನ ಸೊಸೈಟಿಯಲ್ಲಿ ನಿಮ್ಮ ಮನೆಯವರು ಯಾರಾದರೂ ಸದಸ್ಯರಾಗಿದ್ದರೆ, ಸಹಕಾರ ಸಂಘದ ಸದಸ್ಯರಿಗೆ ಇರುವ ಆರೋಗ್ಯ ಯೋಜನೆ ಯಶಸ್ವಿನಿಯ ನೋಂದಣಿ ಯಾವಾಗ ಅಂತ ಕಾರ್ಯದರ್ಶಿಯನ್ನು ಕೇಳಿಟ್ಟುಕೊಳ್ಳಿ.

ಇನ್ನೊಂದು ಮಾತು. ಅಮ್ಮನಿಗೆ ಎದೆನೋವು ಜೋರಾದರೆ ರೆಫರಲ್, ಅರ್ಜಿ ಯಾವುದಕ್ಕೂ ಕಾಯಬೇಡಿ. ತುರ್ತು ಚಿಕಿತ್ಸೆಗೆ ರೆಫರಲ್ ಬೇಕಿಲ್ಲ. 108ಕ್ಕೆ ಕರೆ ಮಾಡಿ, ಹತ್ತಿರದ ನೋಂದಾಯಿತ ಆಸ್ಪತ್ರೆಗೆ ಕರೆದುಕೊಂಡು ಹೋಗಿ.