ನರದ ಗಡ್ಡೆ: ಎಂಆರ್‌ಐ ಏನು ಹೇಳಬಲ್ಲದು?

ಪ್ರಶ್ನೆ: ಬೀಡಿ ಕಟ್ಟುವ ನನ್ನ ತಾಯಿಯ ಮುಂಗೈಯಲ್ಲಿ ಗೋಡಂಬಿಯಷ್ಟು ದೊಡ್ಡ ಗಡ್ಡೆಯೊಂದಿದ್ದು, ಒತ್ತಿದರೆ ಬೆರಳುಗಳವರೆಗೆ ಜುಮ್ಮೆನ್ನುತ್ತದೆ. ವೈದ್ಯರು ಎಂಆರ್‌ಐ ಮಾಡಿಸಲು ಹೇಳಿದ್ದಾರೆ. ಇದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಅದರಿಂದ ತಿಳಿಯುತ್ತದೆಯೇ?
– ಓದುಗರೊಬ್ಬರು, ಕಾಪು

ಉತ್ತರ: ಒತ್ತಿದಾಗ ಬೆರಳಿಗೆ ಹರಿಯುವ ಜುಮ್ಮೆನ್ನುವಿಕೆಯೇ ಗಡ್ಡೆಗೂ ನರಕ್ಕೂ ಸಂಬಂಧವಿರಬಹುದೆಂಬ ಸುಳಿವು. ನರದ ಹೊದಿಕೆಯಿಂದ ಹುಟ್ಟುವ ಗಡ್ಡೆಗಳಲ್ಲಿ ಶ್ವಾನೋಮಾ ಮತ್ತು ನ್ಯೂರೋಫೈಬ್ರೋಮಾ ಮುಖ್ಯವಾದವು; ಇವು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಎಂಆರ್‌ಐ ಚಿತ್ರದಲ್ಲಿ ಕದಿರಿನಾಕಾರದ ಗಡ್ಡೆಯ ಎರಡೂ ತುದಿಗಳಿಂದ ನರವು ಬಾಲದಂತೆ ಹೊರಟಿರುವುದು ಕಂಡರೆ ಅದು ನರದ್ದೇ ಎಂಬ ಊಹೆ ಬಲವಾಗುತ್ತದೆ. ನೀರಿನಂಶ ಬೆಳ್ಳಗೆ ಕಾಣುವ ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರಗಳಲ್ಲಿ ಅಂಚು ಬೆಳ್ಳಗೂ ನಡುಭಾಗ ಕಪ್ಪಾಗಿಯೂ ಕಾಣುವ ಗುರಿಹಲಗೆಯಂಥ ಲಕ್ಷಣವಿದ್ದರೆ ಸಾಮಾನ್ಯವಾಗಿ ನಿರುಪದ್ರವಿ ಗಡ್ಡೆಯೆಂದು ಭಾವಿಸುತ್ತಾರೆ, ಆದರೆ ಎಲ್ಲ ಗಡ್ಡೆಗಳಲ್ಲಿಯೂ ಅದು ಕಾಣಿಸುವುದಿಲ್ಲ. ಗಡ್ಡೆ 5 ಸೆಂಟಿಮೀಟರಿಗಿಂತ ದೊಡ್ಡದಾಗಿರುವುದು, ಅಂಚು ಅಸ್ಪಷ್ಟವಾಗಿರುವುದು, ಸುತ್ತಲ ಅಂಗಾಂಶದಲ್ಲಿ ಬಾವು ಇರುವುದು, ಚಿತ್ರ ಸ್ಪಷ್ಟವಾಗಲೆಂದು ಕೊಡುವ ಗ್ಯಾಡೋಲಿನಿಯಂ ಚುಚ್ಚುಮದ್ದಿನ ನಂತರ ಅಂಚು ಮಾತ್ರ ಹೊಳೆಯುವುದು, ಇವೆಲ್ಲ ಸಂಶಯ ಹುಟ್ಟಿಸುವ ಲಕ್ಷಣಗಳು. ಆದರೂ ಕೊನೆಯ ಮಾತು ಚಿತ್ರದ್ದಲ್ಲ, ಸೂಕ್ಷ್ಮದರ್ಶಕದ್ದು. ಸಂಶಯವಿದ್ದರೆ ಬಯಾಪ್ಸಿ, ಅಂದರೆ ಗಡ್ಡೆಯ ಚೂರನ್ನು ತೆಗೆದು ಪರೀಕ್ಷಿಸುವುದು, ಬೇಕಾಗುತ್ತದೆ.

ನನ್ನ ದೃಷ್ಟಿಯಲ್ಲಿ ಈ ಪರೀಕ್ಷೆಯ ದೊಡ್ಡ ಪ್ರಯೋಜನ ಬೇರೆಯೇ ಇದೆ: ಕೊಬ್ಬಿನ ಗಡ್ಡೆಯೆಂದು ತಿಳಿದು ಅವಸರದಲ್ಲಿ ಕೊಯ್ದು ನರವನ್ನೇ ಕತ್ತರಿಸುವ ಅಪಾಯವನ್ನು ಅದು ತಪ್ಪಿಸುತ್ತದೆ. ಬೆರಳುಗಳಿಂದಲೇ ದುಡಿಯುವ ನಿಮ್ಮ ತಾಯಿಯವರಿಗೆ ಇದು ಸಣ್ಣ ವಿಷಯವಲ್ಲ. ಮೈಮೇಲೆ ಕಾಫಿಬಣ್ಣದ ಹಲವು ಮಚ್ಚೆಗಳಿದ್ದರೆ, ಮನೆಯಲ್ಲಿ ಬೇರೆಯವರಿಗೂ ಇಂಥ ಗಡ್ಡೆಗಳಿದ್ದರೆ, ಅಥವಾ ದೇಹದಲ್ಲಿ ಪೇಸ್‌ಮೇಕರ್ ಇದ್ದರೆ ಪರೀಕ್ಷೆಗೆ ಮುನ್ನವೇ ವೈದ್ಯರಿಗೆ ತಿಳಿಸಿರಿ.